ಎಣ್ಣೆ ಹತ್ತಿದ ಬಲ್ಬು

ಸಂಪಿಗೆ ಊರು ದಾಟುತ್ತಿದ್ದಂತೆ ಚಿತ್ತೇಶನ ಕಾರಿನ ಎಡಗಡೆ ಹೆಡ್‌ಲೈಟು ಟಪ್ಪನೆ ಸಿಡಿದು ಆರಿತು.

"ನಿನ್ ಮನೆ ಹಾಳಾಗ!"

ಸ್ಟಿಯರಿಂಗಿಗೆ ಗುದ್ದಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ. ಕತ್ತಲೆ ಇಳಿಯುತ್ತಿತ್ತು. ಹಿಂದಿನ ಸೀಟಿನ ತುಂಬ ಹೊಸ ಬಲೆ, ಗೂಟಗಳು. ಮುಂದೆ ಕೆರೆ ಏರಿಯ ಆಚೆ, ಮರುಳಸಿದ್ದಯ್ಯನವರ ತೆಂಗಿನ ತೋಟದಲ್ಲಿ ಅಪ್ಪ ದಾಸಣ್ಣ ಕುರಿಮಂದೆಯ ಜೊತೆ ಒಬ್ಬನೇ ಇದ್ದ. ಮರಗಳಿಗೆ ಗೊಬ್ಬರವಾಗಲೆಂದು ವಾರದಿಂದ ಮಂದೆಯನ್ನು ರಾತ್ರಿ ಅಲ್ಲೇ ಬಲೆ ಕಟ್ಟಿ ತರುಬುತ್ತಿದ್ದರು. ನಿನ್ನೆ ಚಿರತೆ ಬಂದು ಹಳೇ ಬಲೆಯನ್ನು ಹರಿದುಹಾಕಿತ್ತು. ನಾಯಿಗಳು ಓಡಿಸಿದವು, ನಿಜ. ಆದರೆ ಕುರಿಯ ವಾಸನೆ ಹಿಡಿದದ್ದು ಇವತ್ತು ಬಾರದೆ ಬಿಟ್ಟೀತೇ?

ಫೋನು ಬಡಿದುಕೊಂಡಿತು. ಅಪ್ಪ.

"ಎಲ್ಲಿದ್ದೀಯಲಾ? ನಾಯಿಗುಳು ಸುಮ್ನಾಯ್ತಿಲ್ಲ ಕಣ್ಲಾ."

"ಬಂದೆ ಕಣಪ್ಪ, ಏರಿ ಹತ್ರನೇ ಇವ್ನಿ."

ಫೋನಿಟ್ಟವನೇ ತಿಪಟೂರಿನ ಮೆಕ್ಯಾನಿಕ್ ಕಾಮ್ರಾನನಿಗೆ ಕಾಲ್ ಹೊಡೆದ. ಎರಡು ಹೊಸ ಬಲ್ಬನ್ನು ಸಂಜೆ ತಾನೇ ಅವನ ಅಂಗಡಿಯಲ್ಲಿ ಕೊಂಡಿದ್ದ. "ನಾನೇ ಹಾಕ್ಕೊಡ್ತೀನಿ ಬುಡು" ಎಂದಿದ್ದ ಕಾಮ್ರಾನ್. "ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬುಟ್ಟೋನಿಗೆ ಬಲ್ಬ್ ಹಾಕಕ್ಕೂ ಬರಲ್ಲ ಅಂದ್ಕಂಡ್ಯಾ?" ಎಂದು ಚಿತ್ತೇಶ ಎಗರಿ, ಅಂಗಡಿ ಮುಂದೆಯೇ ತಾನೇ ಹಾಕಿಕೊಂಡಿದ್ದ.

"ಲೇ, ಡೂಪ್ಲಿಕೇಟ್ ಮಾಲು ಕೊಟ್ಟಿದ್ದೀಯ!"

"ಗಾಜು ಮುಟ್ಟಿದ್ಯಾ?"

"ನೀನ್ ಹೇಳ್ದಂಗೆ ಬಟ್ಟೇಲೇ ಹಿಡ್ದಿದ್ದು ಕಣ್ಲಾ!"

"ಯಾವ ಬಟ್ಟೆ?"

ಚಿತ್ತೇಶ ಹೆಗಲ ಮೇಲಿನ ಟವೆಲು ನೋಡಿಕೊಂಡ. ಬೆಳಗಿನಿಂದ ಮಂಡಿಯಲ್ಲಿ ಕೊಬ್ಬರಿ ಒಡೆದು, ಜಿಡ್ಡು ಕೈಯನ್ನು ಮತ್ತೆ ಮತ್ತೆ ಒರೆಸಿಕೊಂಡ ಟವೆಲು. ತಿಪಟೂರೆಲ್ಲ ಕೊಬ್ಬರಿ ವಾಸನೆ ಇರುವಾಗ ಹೆಗಲ ಮೇಲಿನದು ಯಾರ ಮೂಗಿಗೆ ತಿಳಿಯುತ್ತದೆ?

"ಟವೆಲು" ಎಂದ. ದನಿ ಇಳಿದಿತ್ತು.

"ಬಲ್ಬಿಗೆ ಎಣ್ಣೆಸ್ನಾನ ಮಾಡ್ಸಿದ್ದೀಯಲ್ಲೋ ಗುರು! ಎಣ್ಣೆ ಹತ್ತಿದ ಕಡೆ ಗಾಜು ಸಿಕ್ಕಾಪಟ್ಟೆ ಕಾದು ಒಡೀತದೆ. ಇನ್ನೊಂದ್ನ ಈಗ್ಲೇ ಆರ್ಸು. ತಣ್ಣಗಾದ್ಮೇಲೆ ಬಿಚ್ಚಿ ಸ್ಪಿರಿಟ್ ಹಾಕಿ ಒರ್ಸು. ಬಿಸೀಲಿ ಕೈ ಹಾಕಿದ್ರೆ ಅದೂ ಹೋಯ್ತು ಅನ್ಕೋ."

ಆರಿಸಿದ. ರಸ್ತೆಯೇ ಕಾಣೆಯಾಯಿತು.

ಹೀಗೇ ಹೊರಟುಬಿಡಲೇ? ಏರಿಗೆ ತಡೆಗೋಡೆಯಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಆಳದಲ್ಲಿ ಗದ್ದೆ. ನಡುವೆ ಬಲ್ಬು ಸಿಡಿದರೆ ಬಲೆಯೂ ಇಲ್ಲ, ಬಲೆ ತಂದವನೂ ಇಲ್ಲ. ಟೈರಿಗೆ ಒದ್ದ. ದೀಪದ ಹಿಂಬದಿಗೆ ಬೆರಳು ತಾಗಿಸಿದರೆ ಇನ್ನೂ ಸುಡುತ್ತಿತ್ತು. ಕಾಯುವುದೊಂದು ಅವನಿಗೆ ಯಾವತ್ತೂ ಬಂದದ್ದಲ್ಲ. ಮೇಷ್ಟ್ರು ಕ್ಲಾಸಿನ ಹೊರಗೆ ನಿಲ್ಲಿಸಿದ ದಿನವೇ ಬ್ಯಾಗು ಎಸೆದು ಮನೆಗೆ ಬಂದವನು.

ಏರಿಯಾಚೆ ನಾಯಿಗಳ ಬೊಗಳಾಟ ಒಮ್ಮೆಲೇ ಏರಿತು. ಅಪ್ಪನ "ಹೋಯ್! ಹೋಯ್!" ಕೇಳಿತು. ಚಿತ್ತೇಶ ಬಾನೆಟ್ಟಿನ ಮೇಲೆ ಮುಷ್ಟಿಯಿಟ್ಟು ಹಲ್ಲು ಕಚ್ಚಿ ನಿಂತ. ಮತ್ತೆ ಮುಟ್ಟಿ ನೋಡಿದ. ಇನ್ನೂ ಇಲ್ಲ. ಇನ್ನೊಮ್ಮೆ. ಈಗ ಬೆಚ್ಚಗಷ್ಟೇ ಇತ್ತು.

ಕುರಿಗಳ ಗಾಯಕ್ಕೆ ಹಚ್ಚುವ ಸ್ಪಿರಿಟ್ಟು, ಹತ್ತಿ ಡ್ಯಾಶ್‌ಬೋರ್ಡಿನಲ್ಲಿದ್ದವು. ಮೊದಲು ಸ್ಪಿರಿಟ್ಟಿನಲ್ಲೇ ಕೈ ತೊಳೆದುಕೊಂಡ. ಫೋನಿನ ಬೆಳಕಲ್ಲಿ ಬಲ್ಬನ್ನು ಬುಡದಲ್ಲಿ ಹಿಡಿದು ಬಿಚ್ಚಿ, ಒರೆಸಿ, ಸ್ಪಿರಿಟ್ಟು ಆರುವವರೆಗೆ ಊದಿ, ತಿರುಗಿ ಕೂರಿಸಿದ. ಹತ್ತಿತು.

ಒಂಟಿ ಬೆಳಕು ತೆಂಗಿನ ಮರಗಳ ನಡುವೆ ನುಗ್ಗಿದಾಗ ಕುರಿಗಳು ಒಂದರ ಮೈಯೊಳಗೊಂದು ಹೊಕ್ಕಂತೆ ಒತ್ತಿಕೊಂಡಿದ್ದವು. ಅಪ್ಪ ದೊಣ್ಣೆ ಹಿಡಿದು ಅಡ್ಡ ನಿಂತಿದ್ದ.

"ಒಂದ್ ಮರಿ ಹೊತ್ಕಂಡ್ ಹೋಯ್ತು."

"ಯಪ್ಪಾ, ಬಲ್ಬು... ನಾನೇ..."

"ಆಮ್ಯಾಕೆ ಹೇಳೀವಂತೆ. ಲೈಟ್ ಆರ್ಸಬ್ಯಾಡ. ಜೋಡಿ ಬಂದವೆ, ಇನ್ನೊಂದು ಅಲ್ಲೇ ಬದುವಿನ ಮೇಲೈತೆ. ಬಲೆ ಎಳಿ."

ಚಿತ್ತೇಶ ಗೂಟ ನೆಟ್ಟು ಬಡಿಯತೊಡಗಿದ. ಮರಿ ಕಳೆದುಕೊಂಡ ತಾಯಿ ಕತ್ತಲ ಕಡೆಗೆ ಮುಖ ಮಾಡಿ ಒಂದೇ ಸಮ ಅರಚುತ್ತಿತ್ತು. ಬೈಯಲು ಅವನಿಗೆ ಯಾರೂ ಸಿಗಲಿಲ್ಲ. ಒಂದೊಂದು ಪೆಟ್ಟಿಗೂ ತಿರುಗಿ ದೀಪ ನೋಡುತ್ತಿದ್ದ. ಉರಿಯುತ್ತಿತ್ತು.