ಮೊದಲ ಸರದಿ

ಅಣ್ಣನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಅಕ್ಕನದೂ ಹೊಂದುತ್ತದೆ, ನನ್ನದೂ ಹೊಂದುತ್ತದೆ ಎಂದರು ಡಾಕ್ಟರು. "ಯಾರು ಕೊಡ್ತೀರಿ ಅಂತ ಮಧ್ಯಾಹ್ನದೊಳಗೆ ಹೇಳಿ" ಎಂದು ಫೈಲು ಮುಚ್ಚಿ ಹೋದರು. ನಾನು ಕೊಡುತ್ತೇನೆ ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ಅಳುವೂ ಬರಲಿಲ್ಲ. ಮೂರು ವಾರದಿಂದ ಕಲ್ಲಿನಂತಾಗಿದ್ದೆ.

ಅಕ್ಕ ಟೈಲರ್. ಚೀಲದಲ್ಲಿದ್ದ ಗುಂಡಿ ಡಬ್ಬಿಯಿಂದ ಕೆಂಪು ದಾಳವೊಂದನ್ನು ತೆಗೆದಳು. ಚಿಕ್ಕಂದಿನಲ್ಲಿ ನಾವು ಆಡುತ್ತಿದ್ದದ್ದೇ.

"ಒಬ್ಬರಾದ ಮೇಲೆ ಒಬ್ಬರು ಹಾಕೋಣ. ಯಾರಿಗೆ ಮೊದಲು ಆರು ಬೀಳುತ್ತೋ ಅವರು ಕೊಡೋದು. ನಾನು ಮೊದಲು."

ಆಟದಲ್ಲಿ ಅವಳು ಯಾವತ್ತೂ ಮೊದಲು ಹಾಕಿದವಳಲ್ಲ. "ನೀನು ಚಿಕ್ಕೋಳು, ನೀನೇ ಹಾಕು" ಎನ್ನುತ್ತಿದ್ದಳು.

ನಾನು ಗಣಿತದ ಟೀಚರ್. ಇದೇ ಲೆಕ್ಕವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಯಾರು ಮೊದಲು ಹಾಕಿದರೇನು, ಎಲ್ಲ ಒಂದೇ ಎಂದು ಮಕ್ಕಳು ಕೂಗುತ್ತಾರೆ. ಒಂದೇ ಅಲ್ಲ. ಮೊದಲು ಆರು ಬೀಳುವ ಸಾಧ್ಯತೆಯನ್ನು ಹನ್ನೊಂದು ಪಾಲು ಮಾಡಿದರೆ ಆರು ಪಾಲು ಮೊದಲು ಹಾಕುವವರಿಗೆ, ಐದು ಎರಡನೆಯವರಿಗೆ. ಅಂದರೆ ಕೊಡುವ ಸಾಧ್ಯತೆ ಅಕ್ಕನಿಗೇ ಹೆಚ್ಚು. ಗೊತ್ತಿದ್ದೂ ತುಟಿಪಿಟಕ್ಕೆನ್ನಲಿಲ್ಲ. ಮಕ್ಕಳಿಗೆ ಬುದ್ಧಿ ಹೇಳುವ ಬಾಯಿ ಇದು!

ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಹಾಕಿದಳು, ಮೂರು. ನನಗೆ ಒಂದು. ಅವಳಿಗೆ ಐದು. ಮತ್ತೆ ನಾನು ಹಾಕಿದ್ದು ಉರುಳಿ ಬೆಂಚಿನಡಿ ಹೋಯಿತು. ಬಗ್ಗಿ ನೋಡಿದೆ. ಆರು.

"ಎಷ್ಟು?" ಎಂದಳು ಅಕ್ಕ.

"ಎರಡು" ಎಂದೆ. ದಾಳವನ್ನು ಮುಷ್ಟಿಯಲ್ಲಿ ಮುಚ್ಚಿ ತಂದು ಅವಳ ಕೈಗಿಟ್ಟೆ. ಎದೆ ಕೂಡ ಜೋರಾಗಿ ಬಡಿದುಕೊಳ್ಳಲಿಲ್ಲ.

ಎರಡು ಸುತ್ತು ಕಳೆದು ಅಕ್ಕನಿಗೆ ಆರು ಬಿತ್ತು. "ಸರಿ, ಮುಗೀತಲ್ಲ" ಎಂದು ಡಬ್ಬಿ ಮುಚ್ಚಿ ಡಾಕ್ಟರ ಕೋಣೆಗೆ ನಡೆದಳು.

ಆಪರೇಷನ್ ದಿನ ಹಸಿರು ಗೌನು ತೊಟ್ಟು ಮಲಗಿದ್ದವಳು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು.

"ಅಕ್ಕಾ, ಮೊದಲು ಹಾಕಿದೋರಿಗೇ ಸಾಧ್ಯತೆ ಜಾಸ್ತಿ ಅಂತ ನಿಂಗೆ ಗೊತ್ತಿತ್ತಾ?"

"ಪರೀಕ್ಷೆ ಬಂತು ಅಂದ್ರೆ ನೀನು ಮನೆಯೆಲ್ಲಾ ಕೇಳೋ ಹಾಗೆ ಓದ್ತಿದ್ದೆ. ಹೊಲಿಗೆ ಮಿಷನ್ ಮುಂದೆ ಕೂತೋಳಿಗೆ ಕಿವಿ ಇರಲಿಲ್ವಾ?"

"ಅವತ್ತು ಬೆಂಚಿನಡಿ ಬಿದ್ದಿದ್ದು..." ಎಂದು ಶುರುಮಾಡಿದೆ. ಅವಳು ಮುಗಿಸಲು ಬಿಡಲಿಲ್ಲ.

"ಕೆಳಗೆ ಬಿದ್ದಿದ್ದು ಲೆಕ್ಕಕ್ಕಿಲ್ಲ ಬಿಡು. ನೀನೇ ಮಾಡಿದ ರೂಲು, ಮರೆತ್ಯಾ?"

ನರ್ಸು ಗಾಲಿಮಂಚವನ್ನು ತಳ್ಳಿಕೊಂಡು ಹೋದಳು. ಆ ನಿಯಮ ಮಾಡಿದವಳು ನಾನಲ್ಲ. ನಾನು ಸೋಲುವ ಹಾಗಿದ್ದಾಗಲೆಲ್ಲ ದಾಳವನ್ನು ಬೇಕಂತಲೇ ನೆಲಕ್ಕೆ ತಳ್ಳಿ, ಇದು ಲೆಕ್ಕಕ್ಕಿಲ್ಲ, ಇನ್ನೊಂದು ಸಲ ಹಾಕು ಎನ್ನುತ್ತಿದ್ದವಳು ಅವಳೇ. ಬಾಗಿಲು ಮುಚ್ಚಿತು. ಕನ್ನಡಕ ಹಿಡಿದುಕೊಂಡು ನಿಂತೆ. ಆಗಲೂ ಅಳು ಬರಲಿಲ್ಲ.