ಗಂಟೆ ಹೊಡೆಯೋವರ್ಗೂ ತಡ್ಕೊ

"ಎಲ್ಲಿ ಬಚ್ಚಿಟ್ಟಿದೀಯೆ ನಿನ್ನ ತಮ್ಮನ್ನ? ಎಲ್ಲಿ ಆ ಬೋಳಿಮಗ?"

ಮ್ಯಾನೇಜರ್ ಕೂಗಿದ ರಭಸಕ್ಕೆ, ಗಾಜಿನ ಕೋಣೆಯ ಆಚೆ ಸಾಲಾಗಿ ಕೂತು ಹೊಲಿಯುತ್ತಿದ್ದ ಹೆಂಗಸರೆಲ್ಲ ಕತ್ತೆತ್ತಿದರು. ಅವರು ಅವನಿಗಿಟ್ಟ ಹೆಸರು ಗಡಿಯಾರ. ಯಾರು ಯಾವಾಗ ಎದ್ದರು, ಎಷ್ಟು ಹೊತ್ತು ಕಕ್ಕಸಿನಲ್ಲಿ ಕೂತರು ಅನ್ನುವುದು ಬಿಟ್ಟರೆ ಆ ತಲೆಯಲ್ಲಿ ಬೇರೇನೂ ಓಡುತ್ತಿರಲಿಲ್ಲ. ಅವನೆದುರು ನಿಂತಿದ್ದವಳು ಷರ್ಟಿನ ಕಾಲರ್ ಹೊಲಿಯುವವಳು. ಎಲ್ಲರ ಬಾಯಲ್ಲೂ ಕಾಲರಕ್ಕ.

"ನಂಗೇನು ಗೊತ್ತು ಸಾರ್. ಫೋನ್ ಮಾಡಿ ಕೇಳಣ ಅಂದ್ರೆ ನನ್ ಫೋನು ನಿಮ್ಮತ್ರಾನೇ ಇದೆ."

ಅದು ನಿಜವೇ. ಬೆಳಿಗ್ಗೆ ಒಳಗೆ ಬರುವಾಗ ಹೆಂಗಸರೆಲ್ಲ ತಮ್ಮ ಫೋನನ್ನು ಗೇಟಿನ ತಗಡಿನ ಪೆಟ್ಟಿಗೆಗೆ ಹಾಕಿ ಬರಬೇಕು, ಪೆಟ್ಟಿಗೆ ಬಂದು ಗಡಿಯಾರನ ಮೇಜಿನ ಪಕ್ಕ ಕೂರಬೇಕು. ಅವನು ಅದನ್ನು ಎತ್ತಿ ಮೇಜಿನ ಮೇಲೆ ಸುರಿದ. ಗಾಜು ಒಡೆದವು, ರಬ್ಬರ್ ಬ್ಯಾಂಡ್ ಸುತ್ತಿದವು, ಮಕ್ಕಳ ಫೋಟೋ ಅಂಟಿಸಿದವು, ಎಲ್ಲವೂ ದಡದಡ ಬಿದ್ದವು. ಬೀಳುವಾಗ ಒಂದು ಹಾರಿ ನೆಲಕ್ಕೆ ಬಿತ್ತು. ಯಾರದೋ ಏನೋ, ಪಾಪ.

ಕಾರ್ಖಾನೆಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ಕಾಲರಕ್ಕನ ಒಡಹುಟ್ಟಿದ ತಮ್ಮ. ನಿನ್ನೆ ಸಂಜೆ ಕೆಲಸ ಬಿಟ್ಟು ಹೋದ. ಹೋಗುವಾಗ ಪಾಸ್‌ವರ್ಡ್ ಬದಲಾಯಿಸಿ ಹೋದ. ಇಲ್ಲಿ ಪ್ರತಿ ಬಾಗಿಲಿನ ಜುಟ್ಟೂ ಆ ಕಂಪ್ಯೂಟರಿನ ಕೈಯಲ್ಲಿ. ಗೇಟು, ಮೆಟ್ಟಿಲಿನ ಬಾಗಿಲು, ಕಕ್ಕಸು, ಈ ಗಾಜಿನ ಕೋಣೆಯೊಂದನ್ನು ಬಿಟ್ಟರೆ ಎಲ್ಲಕ್ಕೂ ಕಾರ್ಡು ತೋರಿಸಬೇಕು. ಹಸಿರು ದೀಪ ಬಂದರೆ ಒಳಗೆ, ಕೆಂಪು ಬಂದರೆ ಮುಚ್ಚಿಕೊಂಡು ವಾಪಸ್. ಕಕ್ಕಸಿಗಂತೂ ಇಂತಿಷ್ಟೇ ಸಲ ಅಂತ ಲೆಕ್ಕ.

ಬೆಳಿಗ್ಗೆ ಗಡಿಯಾರ ಪಾಸ್‌ವರ್ಡ್ ಊಹಿಸಲು ಕೂತ. ಮೊದಲು ಒತ್ತಿದ್ದೇ ತನ್ನ ಹೆಸರು. ಆಮೇಲೆ ಕಂಪನಿಯ ಹೆಸರು, ಮಾಲೀಕನ ಹೆಸರು, ಕೊನೆಗೆ ಸಿಟ್ಟಿಗೆ ಒಂದು ಬೈಗುಳ. ಅಷ್ಟಕ್ಕೆ ಎಲ್ಲ ಬಾಗಿಲಲ್ಲೂ ಕೆಂಪು ದೀಪ ಹತ್ತಿಕೊಂಡಿತು. ಯಾರಾದರೂ ತಪ್ಪು ಪಾಸ್‌ವರ್ಡ್ ಒತ್ತುತ್ತಾ ಹೋದರೆ ಇಡೀ ಕಟ್ಟಡಕ್ಕೆ ಬೀಗ ಬೀಳಲಿ, ಕಳ್ಳಿಯರು ಸಿಕ್ಕಿಬೀಳಲಿ ಎಂದು ತಾಕೀತು ಮಾಡಿ ಆ ಏರ್ಪಾಡು ಮಾಡಿಸಿದ್ದವನು ಅವನೇ. ಈಗ ಅದನ್ನು ಬಿಡಿಸಲು ಒಂದು ನಂಬರ್ ಬೇಕು. ಆ ನಂಬರ್ ಬರುವುದು ಕಾಲರಕ್ಕನ ಫೋನಿಗೆ. ಕಂಪ್ಯೂಟರ್ ಕೂರಿಸುವ ಕಾಲಕ್ಕೆ ತಮ್ಮ ಆಫೀಸಿಗೊಂದು ಫೋನ್ ಕೊಡಿಸಿ ಅಂದಿದ್ದ. ನಿಮ್ಮಪ್ಪನ ಮನೆ ಕಂಪನಿಯೇನೋ ಅಂತ ಗಡಿಯಾರ ಉಗಿದಿದ್ದ. ಉಗಿಸಿಕೊಂಡವನು ಅಕ್ಕನ ಫೋನ್ ನಂಬರನ್ನೇ ಕೊಟ್ಟುಬಿಟ್ಟಿದ್ದ.

"ನಿಂದು ಯಾವ್ದು, ತೆಗಿ. ಬಂದಿರೋ ನಂಬರ್ ಓದು."

ಕಾಲರಕ್ಕ ರಾಶಿಯಿಂದ ತನ್ನದನ್ನು ತೆಗೆದು, ಫೋನಿನ ಬೀಗ ತೆರೆಯಲು ಗಾಜಿನ ಮೇಲೆ ಬೆರಳಲ್ಲಿ ಗೀಟೆಳೆದಳು. ಆ ಗೀಟು ಅವಳಿಗೊಬ್ಬಳಿಗೇ ಗೊತ್ತು. ನಂಬರ್ ಬಂದಿತ್ತು. ನೋಡಿದಳು, ಫೋನನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಓದಲ್ಲ."

ಗಡಿಯಾರ ಕೈ ಎತ್ತಿದ. ಎತ್ತಿದ ಕೈ ಅರ್ಧಕ್ಕೇ ನಿಂತಿತು. ಮೆಲ್ಲಗೆ ಕುರ್ಚಿಯ ಮೇಲೆ ಕೂತು ಕಾಲಿನ ಮೇಲೆ ಕಾಲು ಹಾಕಿ ಬಿಗಿಮಾಡಿಕೊಂಡ. ಓಹೋ, ಅಂದುಕೊಂಡಳು ಕಾಲರಕ್ಕ. ಮೇಜಿನ ಮೇಲೆ ಅವನ ದೊಡ್ಡ ನೀರಿನ ಬಾಟಲಿ ಖಾಲಿಯಾಗಿತ್ತು, ಟೀ ಲೋಟಗಳೂ ಖಾಲಿ. ಅವನ ಸ್ವಂತ ಕಕ್ಕಸು ಬೆನ್ನಿನ ಹಿಂದೆಯೇ ಇತ್ತು. ಹೆಂಗಸರು ಕದ್ದು ನುಗ್ಗಿಯಾರು ಅಂತ ಅದಕ್ಕೂ ಕಾರ್ಡಿನ ಬೀಗ ಹಾಕಿಸಿಕೊಂಡಿದ್ದ. ಅಲ್ಲೂ ಕೆಂಪು ದೀಪ. ಹೆಂಗಸರ ಕಥೆ ಬೇರೆ. ಅವರು ಗುಟುಕು ನೀರೂ ಕುಡಿಯದೆ ಕೆಲಸಕ್ಕೆ ಬರುವುದನ್ನು ಯಾವತ್ತೋ ಕಲಿತಿದ್ದರು. ಕಲಿಸಿದವನು ಅವನೇ.

ಕಾಲರಕ್ಕ ಮಾತ್ರ ಒಂದು ದಿನ ತಪ್ಪಿದ್ದಳು. ಜ್ವರವಿತ್ತು, ಮಾತ್ರೆ ನುಂಗಲು ನೀರು ಕುಡಿದಿದ್ದಳು. ಲೆಕ್ಕ ಮುಗಿದು ಕಕ್ಕಸಿನ ಬಾಗಿಲು ಕೆಂಪಾಯಿತು. ಬಂದು ಕೈಮುಗಿದಳು. ಗಡಿಯಾರ ತಲೆಯೆತ್ತದೆ ಅಂದ: "ಗಂಟೆ ಹೊಡೆಯೋವರ್ಗೂ ತಡ್ಕೊ. ಸತ್ತೋಗಲ್ಲ." ಮಷಿನ್ ಮುಂದೆ ಕೂತಲ್ಲೇ ಆಗಿಹೋಯಿತು, ಮಗಳ ವಯಸ್ಸಿನ ಹುಡುಗಿಯರ ಎದುರಿಗೆ. ಸೂರಿನ ಕ್ಯಾಮೆರಾ ಅದನ್ನೆಲ್ಲ ಹಿಡಿದಿಟ್ಟುಕೊಂಡಿತು. ಮರುದಿನ ಗಡಿಯಾರ ಮೇಸ್ತ್ರಿಗಳನ್ನೆಲ್ಲ ಕರೆದು ಇದೇ ಕೋಣೆಯ ಟೀವಿಯಲ್ಲಿ ಹಾಕಿಸಿ ಹೊಟ್ಟೆ ಹಿಡಿದು ನಕ್ಕ. ಹಾಕು ಅಂತ ಗುಂಡಿ ಒತ್ತಿಸಿದ್ದು ತಮ್ಮನ ಕೈಯಲ್ಲೇ. ಕಕ್ಕಸಿನ ಬೀಗ ತೆಗೆಸಿ ಅಂತ ಕಾಲರಕ್ಕ ಆಮೇಲೆ ಬಾಯಿ ತೆರೆದಾಗಲೆಲ್ಲ ಅವನು ಆ ಟೀವಿಯ ಕಡೆ ಬೆರಳು ತೋರಿಸುತ್ತಿದ್ದ, ಅವಳು ಬಾಯಿ ಮುಚ್ಚುತ್ತಿದ್ದಳು. ಅವಮಾನಕ್ಕೆ ಅವಳ ಹೊಟ್ಟೆ ಉರಿದು ಬೂದಿಯಾಗಿತ್ತು.

ನಿನ್ನೆ ತಮ್ಮ ಹೊರಡುವಾಗ ಮಷಿನ್ ಹತ್ತಿರ ಬಗ್ಗಿ ಹೇಳಿದ್ದ: "ಅಕ್ಕ, ಆ ವಿಡಿಯೋ ಅಳ್ಸಕ್ಕೆ ಮಾಲೀಕನ ಬೆರಳಚ್ಚೇ ಬೇಕು, ನಂಗೆ ಅಧಿಕಾರ ಇಲ್ಲ. ಬೀಗ ಹಾಕಕ್ಕೆ ಇದೆ. ಹಾಕ್ಬಿಟ್ಟೆ."

ಗಡಿಯಾರ ಹಲ್ಲು ಕಚ್ಚಿ ಹಳೇ ಪಟ್ಟು ಹಾಕಿದ. "ಆ ವಿಡಿಯೋ ನಿನ್ ಗಂಡನ ಫೋನಿಗೆ ಹೋಗತ್ತೆ, ನೋಡ್ತಿರು."

"ಕಳ್ಸಿ ಸಾರ್. ತೆಗ್ದು ಕಳ್ಸಿ."

ಅವನು ಕಂಪ್ಯೂಟರಿನ ಕಡೆ ನೋಡಿದ. ಅದು ಪಾಸ್‌ವರ್ಡ್ ಕೇಳುತ್ತಾ ಕೂತಿತ್ತು.

ಆಮೇಲೆ ಅವನ ಮಾತಿನ ವರಸೆಯೇ ಬದಲಾಯಿತು. ಲೇ ಹೋಗಿ ಅಮ್ಮ ಬಂತು, ಅಮ್ಮ ಹೋಗಿ ತಾಯಿ ಬಂತು. ತಮ್ಮನನ್ನು ವಾಪಸ್ ಕರೆಸಿಕೊಳ್ಳುತ್ತೇನೆ ಅಂದ, ನಿನ್ನನ್ನು ಮೇಸ್ತ್ರಿ ಮಾಡುತ್ತೇನೆ ಅಂದ. ಹಣೆಯಿಂದ ಬೆವರು ಇಳಿಯುತ್ತಿತ್ತು, ಮೊಣಕಾಲು ಒಂದನ್ನೊಂದು ಉಜ್ಜುತ್ತಿತ್ತು. ಕಿಟಕಿಗೆಲ್ಲ ಕಂಬಿ. ಹೊರಗೆ ಮಷಿನುಗಳು ಒಂದೊಂದಾಗಿ ನಿಂತವು. ಗುಂಡಿ ಹಾಕುವ ಅಜ್ಜಿ ಮುಂದೆ, ಉಳಿದವರು ಹಿಂದೆ, ಎಲ್ಲರೂ ಬಂದು ಗಾಜಿಗೆ ಮುಖ ಒತ್ತಿ ನಿಂತರು.

"ಅವರ್ನೆಲ್ಲ ಕಳ್ಸು ತಾಯಿ. ನಂಬರ್ ಹೇಳು. ಆಗ್ತಿಲ್ಲ."

ಎಷ್ಟು ದಿನದಿಂದ ಗಂಟಲಲ್ಲಿ ಕೂತಿತ್ತೋ ಆ ಮಾತು. ಕಾಲರಕ್ಕ ಅದನ್ನು ನಿಧಾನವಾಗಿ, ಅವನು ಹೇಳಿದ್ದ ಹಾಗೆಯೇ ಹೇಳಿದಳು.

"ಗಂಟೆ ಹೊಡೆಯೋವರ್ಗೂ ತಡ್ಕೊ. ಸತ್ತೋಗಲ್ಲ."

ತಡೆದುಕೊಳ್ಳುವುದು ಅವನಿಗೆ ಅಭ್ಯಾಸವಿರಲಿಲ್ಲ. ತಿಳಿ ಬಣ್ಣದ ಪ್ಯಾಂಟು ತೊಡೆಯಿಂದ ಮೊಣಕಾಲಿನವರೆಗೆ ಕಪ್ಪಾಯಿತು. ಕುರ್ಚಿಯ ಕೆಳಗೆ ತೊಟ್ಟಿಕ್ಕಿದ ಸದ್ದು ಗಾಜಿನ ಆಚೆಗೂ ಕೇಳಿಸಿರಬೇಕು. ನೋಡಿ ಕನಿಕರ ಬಂದೀತು ಅಂದುಕೊಂಡಿದ್ದಳು ಕಾಲರಕ್ಕ. ಬರಲಿಲ್ಲ. ಹೊಟ್ಟೆ ತಣ್ಣಗಾಯಿತು.

ಫೋನು ಮತ್ತೆ ಟಿಣ್ ಅಂದಿತು. ಹಳೆಯದರ ಅವಧಿ ಮುಗಿದು ಹೊಸ ನಂಬರ್ ಬಂದಿತ್ತು. ಅವಳು ಸೂರಿನ ಕಡೆ ನೋಡಿದಳು. ಕ್ಯಾಮೆರಾದ ದೀಪ ಉರಿಯುತ್ತಲೇ ಇತ್ತು.

"ಈಗ ಹೇಳ್ತೀನಿ ಸಾರ್, ಒತ್ಕೊಳ್ಳಿ. ಬಾಗ್ಲೆಲ್ಲ ತೆರ್ಕೊಳತ್ತೆ. ವಿಡಿಯೋನೂ ತೆರ್ಕೊಳತ್ತೆ, ನನ್ದರ ಹಿಂದೇನೇ ನಿಮ್ದು. ಅಳ್ಸಕ್ಕೆ ಮಾಲೀಕರೇ ಬೆರಳಿಡ್ಬೇಕು, ನೋಡ್ಕೊಂಡೇ ಇಡ್ತಾರೆ. ಸಂಜೆ ಬರ್ತಾರಲ್ಲ. ಹೇಳ್ಲಾ?"

ಗಡಿಯಾರ ಕ್ಯಾಮೆರಾ ನೋಡಿದ, ಟೀವಿ ನೋಡಿದ, ಗಾಜಿನ ಆಚೆಯ ಮುಖಗಳನ್ನು ನೋಡಿದ.

"ಬೇಡ."

"ಕೇಳಿಸ್ಲಿಲ್ಲ."

"ಬೇಡ ಕಣಮ್ಮ, ಹೇಳ್ಬೇಡ."

ಕಾಲರಕ್ಕ ಉಳಿದ ಫೋನುಗಳನ್ನೆಲ್ಲ ಬಾಚಿ ಮಡಿಲಿಗೆ ತುಂಬಿಕೊಂಡಳು. ಬಗ್ಗಿ ನೆಲದ ಮೇಲಿದ್ದದ್ದನ್ನೂ ಎತ್ತಿಕೊಂಡು ಹೊರಗೆ ಬಂದಳು. ಅಜ್ಜಿ ಇಸ್ತ್ರಿ ಮೇಜಿನ ಕಬ್ಬಿಣದ ಸರಳನ್ನು ಆಗಲೇ ಎಳೆದು ತಂದಿದ್ದಳು. ಮೊದಲ ಏಟು ಕಕ್ಕಸಿನ ಬಾಗಿಲಿಗೆ ಬಿತ್ತು. ಗಾಜಿನ ಕೋಣೆಯಲ್ಲಿ ಗಡಿಯಾರ ಕುರ್ಚಿಯಿಂದ ಏಳುವ ಹಾಗೂ ಇಲ್ಲದೆ ಕೂತೇ ಇದ್ದ. ಕೆಂಪು ದೀಪ ಸಿಡಿದು ಬಿತ್ತು. ಸರಳು ಮೆಟ್ಟಿಲ ಬಾಗಿಲಿನ ಕಡೆ ಹೊರಟಿತು.