ಸೊಸೆ ಓದಿದ ಗಂಗಾಬಾಯಿ

ಭೀಮವ್ವ ಯಾರನ್ನೂ ನಂಬಿದವಳಲ್ಲ. ಹಾಲಿನವಳ ಚೊಂಬಿಗೆ ಬೆರಳು ಅದ್ದಿ ನೋಡುವಳು, ಅಂಗಡಿಯವನ ತಕ್ಕಡಿಯನ್ನು ಬಗ್ಗಿ ಕೆಳಗಿನಿಂದ ನೋಡುವಳು, ಪೂಜಾರಿ ಕೊಟ್ಟ ತೀರ್ಥವನ್ನೂ ಒಮ್ಮೆ ಮೂಸಿಯೇ ಕುಡಿಯುವಳು. ಅಂಥವಳ ಮನೆಗೆ ಸೊಸೆಯಾಗಿ ಬಂದವಳು ಲೋಕಿಕೆರೆಯ ಓಬವ್ವ. ಓದು ಬಲ್ಲ ಹುಡುಗಿ. ತವರಿನಿಂದ ಬರುವಾಗ ಟ್ರಂಕಿನಲ್ಲಿ ಮೂರು ದಪ್ಪ ಪುಸ್ತಕ ತಂದಿದ್ದಳು. ಮೂರನ್ನೂ ಬರೆದವನು ಒಬ್ಬನೇ, ನೂರು ವರ್ಷದ ಹಿಂದಿನ ಯಾವನೋ ಪರದೇಶದ ಕಾದಂಬರಿಕಾರ. ಕನ್ನಡಕ್ಕೆ ತಂದವರು ಊರು, ಹೆಸರು, ಉಡುಗೆ ಎಲ್ಲ ನಮ್ಮವೇ ಮಾಡಿದ್ದರಿಂದ ಕೇಳುವವರಿಗೆ ಹೊರಗಿನ ಕಥೆ ಅನ್ನಿಸುತ್ತಿರಲಿಲ್ಲ.

ಹರಿಹರದ ಆ ಓಣಿಯ ಹೆಂಗಸರು ಸಂಜೆ ಭೀಮವ್ವನ ಕಟ್ಟೆಗೆ ಬಂದು ಕಂಬಳಿಗೆ ಉಣ್ಣೆ ನೂಲುತ್ತಿದ್ದರು. ಕೈಗೆ ಕೆಲಸ, ಕಿವಿ ಖಾಲಿ. ಆ ಖಾಲಿ ಕಿವಿಗೆ ಓಬವ್ವ ಓದುತ್ತಿದ್ದಳು. ಮೊದಲೆರಡು ಕಾದಂಬರಿ ಮುಗಿಯುವವರೆಗೆ ಯಾವ ತಕರಾರೂ ಇರಲಿಲ್ಲ. ಭೀಮವ್ವನೂ ಕದ್ದು ಕಣ್ಣೊರೆಸಿಕೊಂಡಿದ್ದಳು. ಮೂರನೆಯದರಲ್ಲಿ ಗಂಗಾಬಾಯಿ ಅನ್ನುವ ಅತ್ತೆ ಬಂದಳು ನೋಡಿ, ಮನೆಯ ನೆಮ್ಮದಿ ಹೋಯಿತು.

ಈ ಗಂಗಾಬಾಯಿ ಬೆಣ್ಣೆ ಗಡಿಗೆಯನ್ನು ಸೂರಿನಿಂದ ತೂಗುವ ನೆಲುವಿಗೆ ಏರಿಸುವಳು. ಸೊಸೆ ಅಡುಗೆಮನೆಯಿಂದ ಹೊರಬಂದರೆ ಅಂಗೈ ಹಿಡಿದು ಮೂಸುವಳು. ಓಬವ್ವ ಅದನ್ನು ಓದಿದ್ದೇ ತಡ, ಎದುರುಮನೆಯ ಕೆಂಚಕ್ಕ ಕದಿರು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಳು.

“ಅಯ್ಯ ನಮ್ಮವ್ವಾ! ಇದು ನಮ್ ಭೀಮವ್ವನೇ ಕಣ್ರೇ!”

ಕಟ್ಟೆಯೇ ನಕ್ಕಿತು. ಭೀಮವ್ವನಿಗೆ ಮೈಯೆಲ್ಲ ಉರಿದುಹೋಯಿತು. ಹೋದ ವಾರವಷ್ಟೇ ಅವಳು ಸೊಸೆಯ ಕೈ ಮೂಸಿದ್ದಳು. ಅದು ಯಾವಾಗಲೋ ಸತ್ತ ಪರದೇಶದವನಿಗೆ ಹೇಗೆ ಗೊತ್ತಾಯಿತು?

ನೂಲಿನಲ್ಲಿ ಹೊಸ ಉಣ್ಣೆ ಕೂಡಿಸಿದ ಜಾಗ ಕಣ್ಣು ಮುಚ್ಚಿದರೂ ಭೀಮವ್ವನ ಬೆರಳಿಗೆ ಸಿಗುತ್ತಿತ್ತು. ಅಂಥದೇ ಗಂಟು ಈಗ ಅವಳಿಗೆ ಸೊಸೆಯ ಓದಿನಲ್ಲಿ ಸಿಗತೊಡಗಿತು. ಗಂಗಾಬಾಯಿಯ ಪ್ರಸಂಗ ಬಂದಾಗಲೆಲ್ಲ ಓಬವ್ವನ ದನಿ ಒಂದು ಗಳಿಗೆ ತಡೆಯುತ್ತದೆ, ಕಣ್ಣು ಪುಟ ಬಿಟ್ಟು ಏಳುತ್ತದೆ, ಆಮೇಲೆ ಮುಂದೆ ಹೋಗುತ್ತದೆ. ಕೂಡಿಸುತ್ತಿದ್ದಾಳೆ, ಕಳ್ಳಿ! ಏನು ಕೂಡಿಸುತ್ತಾಳೆ ಎಂದು ಭೀಮವ್ವ ಯೋಚಿಸಲೇ ಇಲ್ಲ. ಬೈಗುಳವಲ್ಲದೆ ಇನ್ನೇನು?

“ರೇವಣ್ಣಾ, ನಿನ್ ಹೆಂಡ್ತಿ ಪುಸ್ತಕದ ಮರೆಯಾಗೆ ಕುಂತು ನನ್ ಮಾನ ಕಳೀತಾಳೆ,” ಎಂದಳು ಮಗನಿಗೆ. “ದಾವಣಗೆರೆಗೆ ಹೋಗಿ ಓದಿಸ್ಕೊಂಡು ಬರ್ತೀನಿ. ಖರೇ ಆದ್ರೆ ಸೋಮವಾರ ಅವರಪ್ಪನ್ನ ಕರಿಸ್ತೀನಿ. ಟ್ರಂಕು ಸಮೇತ ಲೋಕಿಕೆರೆ ದಾರಿ ಹಿಡೀಲಿ.”

“ಅವ್ವಾ, ಅವ್ಳು ಹಂಗಲ್ಲ...”

“ನೀನು ಸುಮ್ನಿರು. ನಿನ್ನ ತಲಿಗೂ ಅದೇ ಕಥಿ ತುಂಬ್ಯಾಳೆ.”

ಭೀಮವ್ವನಿಗೆ ಅಕ್ಷರ ಬಾರದು, ಹರಿಹರದಲ್ಲಿ ಯಾರಿಂದ ಓದಿಸಿದರೂ ಮಾತು ಓಬವ್ವನ ಕಿವಿ ಮುಟ್ಟುತ್ತದೆ. ಅದಕ್ಕೇ ಭೀಮವ್ವ ಮರುದಿನ ಕಂಬಳಿ ಮಾರುವ ನೆಪ ಹೇಳಿ, ಅದರ ಮಡಿಕೆಯೊಳಗೆ ಪುಸ್ತಕ ಬಚ್ಚಿಟ್ಟುಕೊಂಡು ಬಸ್ಸು ಹತ್ತಿದಳು. ದಾವಣಗೆರೆಯ ಮಂಡಿಪೇಟೆಯಲ್ಲಿ ಹಳೆ ಪುಸ್ತಕ ಮಾರುವ ಮಾಲತೇಶಪ್ಪನ ಮುಂದೆ ಅದನ್ನು ಇಟ್ಟಳು. ಅವನ ಮೇಲೂ ಗುಮಾನಿ ಇಲ್ಲದಿರಲಿಲ್ಲ.

“ಲೋಕಿಕೆರೆ ಕಡೆ ನಿಮಗ ನೆಂಟ್ರು ಯಾರಾರ ಅದಾರೇನು?”

“ಇಲ್ಲವ್ವ. ಯಾಕ?”

“ಇಲ್ಲಂದ್ರ ಓದ್ರಿ. ಗಂಗಾಬಾಯಿದು.”

ಮಾಲತೇಶಪ್ಪ ಕನ್ನಡಕ ಏರಿಸಿ ಓದಿದ. ಬೆಣ್ಣೆ ಗಡಿಗೆ ಇತ್ತು. ನೆಲುವು ಇತ್ತು. ಕೈ ಮೂಸುವುದೂ ಇತ್ತು, ಓಬವ್ವ ಓದಿದಂತೆಯೇ, ಒಂದು ಮಾತೂ ಹೆಚ್ಚಿಲ್ಲ. ಭೀಮವ್ವನಿಗೆ ಸಮಾಧಾನವಾಗಲಿಲ್ಲ, ಗಂಟು ಇದ್ದೇ ಇತ್ತಲ್ಲ, ಎಲ್ಲಿ ಹೋಯಿತು?

“ಮುಂದಕ್ಕ ಓದ್ರಿ. ಸೊಸಿಗೆ ಜ್ವರ ಬರ್ತೈತಲ್ಲ, ಗಂಗಾಬಾಯಿ ಬೈದು, ಆಮೇಲೆ ತನ್ನ ಹೊದಿಕಿ ತಂದು ಹೊದಿಸ್ತಾಳೆ.”

ಅವನು ಹಾಳೆ ಹಿಂದೆ ಮುಂದೆ ಮಗುಚಿದ. “ಹೊದಿಕಿ ಎಲ್ಲೂ ಇಲ್ಲವ್ವ. ‘ನಾಟಕ ಸಾಕು, ಎದ್ದು ನೀರು ತಾ’ ಅಂತಾಳೆ. ಅಷ್ಟೇ.”

“ಹಬ್ಬದಾಗೆ ಸೊಸಿ ತಲಿಗೆ ತಾನೇ ಎಣ್ಣಿ ಹಚ್ತಾಳಲ್ಲ?”

“ಅದೂ ಇಲ್ಲ. ಈ ಕಾದಂಬರಿಕಾರನ ಪುಸ್ತಕದಾಗೆ ಇಂಥ ಮುದುಕೀರಿಗೆ ಕರುಣಿ ಅನ್ನೋದೇ ಇಲ್ಲ ನೋಡ್ರಿ.”

“ಕೊನಿಗೇನಾಗ್ತೈತೆ?”

“ಸಾಯ್ತಾಳೆ. ಒಬ್ಬಾಕೀನೆ. ಸೊಸಿ ಹೊಸಿಲಿಗೂ ಬರಲ್ಲ.”

ಭೀಮವ್ವ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಸೊಸೆ ಕೂಡಿಸಿದ್ದು ನಿಜ. ಬೈಗುಳವೆಲ್ಲ ಪುಸ್ತಕದ್ದು, ಒಳ್ಳೆಯದಷ್ಟೇ ಓಬವ್ವನದು. ಹೋದ ಆಷಾಢದಲ್ಲಿ ಓಬವ್ವ ಜ್ವರದಿಂದ ನಡುಗುತ್ತ ಮಲಗಿದಾಗ ಭೀಮವ್ವ ಹೊದಿಕೆ ಕೊಟ್ಟಿರಲಿಲ್ಲ. “ನಾಟಕ” ಎಂದೇ ಅಂದಿದ್ದಳು. ಓಣಿಯವರು ಅತ್ತೆಯನ್ನು ನೋಡಿ ನಗುವಾಗ, ಕೊಡದ ಹೊದಿಕೆಯನ್ನು ಆ ಹುಡುಗಿ ಕೊಟ್ಟಂತೆ ಓದಿ ಅತ್ತೆಯ ಮಾನ ಕಾಯ್ದಿದ್ದಳು. ನಾಚಿಕೆಯಿಂದ ಭೀಮವ್ವನ ಮುಖ ಕಾದುಹೋಯಿತು. ಅಳುವೂ ಬಂತು.

ಊರಿಗೆ ಬಂದವಳು ಪುಸ್ತಕವನ್ನು ಸದ್ದಿಲ್ಲದೆ ಗೂಡಿನಲ್ಲಿಟ್ಟಳು. ರೇವಣ್ಣ ಹೆಂಡತಿಗೆ ಸೋಮವಾರದ ಮಾತು ತಿಳಿಸಿಬಿಟ್ಟಿದ್ದ; ಓಬವ್ವನ ಕಣ್ಣು ಊದಿಕೊಂಡಿತ್ತು. ಆದರೂ ಸಂಜೆ ಹೆಂಗಸರು ಬಂದರು, ಓದಲೇಬೇಕಾಯಿತು. ಅವತ್ತಿಗೆ ಕಥೆ ಕೊನೆ ಮುಟ್ಟಿತ್ತು. ಗಂಗಾಬಾಯಿ ಹಾಸಿಗೆ ಹಿಡಿದಳು. ಓಬವ್ವನ ದನಿ ತಡೆಯಿತು. ಅವಳು ಅತ್ತೆಯ ಕಡೆ ಹೆದರಿ ನೋಡಿದಳು.

“ಯಾಕ ನಿಂತಿ? ಏನೈತೋ ಅದನ್ನ ಓದು,” ಎಂದಳು ಭೀಮವ್ವ.

“ಗಂಗಾಬಾಯಿಯ ಕಣ್ಣು ಮಂಜಾಗುತ್ತಿತ್ತು. ಆಗ... ಸೊಸೆ ಓಡಿ ಬಂದು, ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಯಿಗೆ ನೀರು ಬಿಟ್ಟಳು.”

ಕೆಂಚಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹಂಗಂತ ಬರದೈತೇನೇ ಅಲ್ಲಿ?” ಎಂದು ಭೀಮವ್ವ ಕೇಳಿದಳು.

“ಹೂಂ ಅತ್ತಿ. ಹಂಗೇ ಐತೆ.”

ಭೀಮವ್ವ ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿದಳು. “ಸೋಮವಾರ ಯಾರ್ನೂ ಕರಿಸೋದು ಬ್ಯಾಡ.” ಆಮೇಲೆ ಸೊಸೆಗೆ ಹೇಳಿದಳು, “ಆ ಕೊನೀದು ಇನ್ನೊಂದ್ಸಲ ಓದವ್ವ.”

ಓಬವ್ವ ಮತ್ತೆ ಓದಿದಳು. ಈ ಸಲ ಸೊಸೆ ಓಡಿ ಬಂದು ಹಾಲು ಕುಡಿಸಿದಳು.

“ಅಯ್ಯ, ಆಗ್ಲೆ ನೀರು ಅಂದಿದ್ದಿಯಲ್ಲಾ?” ಎಂದು ಕೆಂಚಕ್ಕ ತಲೆ ಎತ್ತಿದಳು.

“ನಿನ್ ಕಿವಿ ಸರಿ ಇಲ್ಲ. ಸುಮ್ನೆ ನೂಲು,” ಎಂದಳು ಭೀಮವ್ವ.